ವರ್ಚುವಲ್ ಡೊಮೇನ್ ಮೇಲ್ ಸರ್ವರಿನಲ್ಲಿ ಲಾಗಿನ್ ತೊಂದರೆಗಳು

ಹಲವು ಡೊಮೇನುಗಳ ಮೇಲ್ ಪೆಟ್ಟಿಗೆಗಳನ್ನು ಒಂದೇ ಯಂತ್ರದಲ್ಲಿ ನಡೆಸುವ ಸರ್ವರನ್ನು ವರ್ಚುವಲ್ ಡೊಮೇನ್ ಮೇಲ್ ಸರ್ವರ್ ಎನ್ನುತ್ತಾರೆ. ಇಲ್ಲಿ ಬಳಕೆದಾರರಿಗೆ ಲಿನಕ್ಸ್ ಖಾತೆ ಬೇಕಿಲ್ಲ. ಹೆಸರು, ಪಾಸ್‌ವರ್ಡುಗಳು ಸಾಮಾನ್ಯವಾಗಿ ಡೇಟಾಬೇಸಿನಲ್ಲಿರುತ್ತವೆ. ಬಹಳ ಕಡೆ ಪೋಸ್ಟ್‌ಫಿಕ್ಸ್ ಮೇಲ್ ಸಾಗಿಸಿದರೆ ಡವ್‌ಕಾಟ್ ಬಳಕೆದಾರರ ಗುರುತು ಪರೀಕ್ಷಿಸುತ್ತದೆ.

ಯಾದಗಿರಿ, ಶಹಾಪುರ, ಸುರಪುರಗಳ ಮೂರು ಕಚೇರಿಗಳು ಒಂದೇ ಸರ್ವರ್ ಹಂಚಿಕೊಂಡಿವೆ ಎಂದಿಟ್ಟುಕೊಂಡರೆ, ‘ಲೆಕ್ಕಪತ್ರ’ ಎಂಬ ಖಾತೆ ಮೂರಕ್ಕೂ ಇರಬಹುದು. ಹಾಗಾಗಿ ಡೊಮೇನ್ ಸಹಿತವಾದ ಪೂರ್ತಿ ವಿಳಾಸವೇ ಇಲ್ಲಿ ಬಳಕೆದಾರರ ಹೆಸರು. ಅರ್ಧ ಹೆಸರು ಕೊಟ್ಟರೆ ಸರ್ವರ್ ಅದನ್ನು ಗುರುತಿಸದು, ಇಲ್ಲವೇ ಮೊದಲೇ ನಿಗದಿಯಾದ ಡೊಮೇನಿಗೆ ಸೇರಿಸಿ ಹುಡುಕುತ್ತದೆ. ಈ ಭಾಗದಲ್ಲಿ ಊರ ಹೆಸರಿನ ಕಾಗುಣಿತವೂ ಕಾಡುತ್ತದೆ. ಸುರಪುರವನ್ನು ಇಂಗ್ಲಿಷಿನಲ್ಲಿ ಸುರ್ಪುರ್ ಎಂದೂ ಸುರಪುರ ಎಂದೂ ಬರೆಯುವುದುಂಟು. ವಿಧಾನಸಭಾ ಕ್ಷೇತ್ರದ ಹೆಸರಾಗಿ ಅದು ಶೋರಾಪುರ. ಡೊಮೇನ್ ಒಂದು ಕಾಗುಣಿತದಲ್ಲಿ, ಫೋನಿನಲ್ಲಿ ಬರೆದದ್ದು ಇನ್ನೊಂದರಲ್ಲಿ ಇದ್ದರೆ ಪಾಸ್‌ವರ್ಡ್ ಸರಿಯಿದ್ದೂ ಲಾಗಿನ್ ಆಗುವುದಿಲ್ಲ.

ಖಾತೆಯೇ ಇಲ್ಲದಿದ್ದರೂ ಪಾಸ್‌ವರ್ಡ್ ತಪ್ಪಿದರೂ ಮೇಲ್ ಕಳುಹಿಸುವವರಿಗೆ ಸಿಗುವುದು 535 ಎಂಬ ಒಂದೇ ಸಂಕೇತ. ಯಾವ ಖಾತೆಗಳಿವೆ ಎಂಬುದು ಹೊರಗಿನವರಿಗೆ ತಿಳಿಯಬಾರದೆಂಬ ಉದ್ದೇಶ ಅದರ ಹಿಂದಿದೆ, ಅದು ಸರಿಯೂ ಹೌದು. ಆದ್ದರಿಂದ ತನಿಖೆಯನ್ನು ಸರ್ವರಿನ ಲಾಗ್ ಕಡತದಿಂದಲೇ ಶುರುಮಾಡಬೇಕು. ಗುರುತು ಪರೀಕ್ಷೆಯ ವಿವರ ದಾಖಲಾಗುವಂತೆ ಡವ್‌ಕಾಟನ್ನು ಹೊಂದಿಸಿದರೆ, ಬಳಕೆದಾರ ಅಪರಿಚಿತನೋ ಪಾಸ್‌ವರ್ಡ್ ತಾಳೆಯಾಗಲಿಲ್ಲವೋ ಎಂಬುದು ಬೇರೆಬೇರೆಯಾಗಿ ಕಾಣುತ್ತದೆ. ಮೊದಲನೆಯದಾದರೆ ವಿಳಾಸವನ್ನೂ ಡೇಟಾಬೇಸ್ ಪ್ರಶ್ನೆಯನ್ನೂ ನೋಡಬೇಕು.

ಎರಡನೆಯದಾದರೆ ಪಾಸ್‌ವರ್ಡ್ ಶೇಖರಿಸಿರುವ ಬಗೆಯನ್ನು ನೋಡಬೇಕು. ಪಾಸ್‌ವರ್ಡಿನ ಬದಲು ಶೇಖರಿಸುವ ಎಸ್‌ಎಚ್‌ಎ-512 ಕ್ರಿಪ್ಟ್ ಹ್ಯಾಶ್ ಸಾಮಾನ್ಯವಾಗಿ 106 ಅಕ್ಷರ ಉದ್ದ. ಡೇಟಾಬೇಸಿನ ಕಾಲಮ್ 64 ಅಕ್ಷರಕ್ಕೆ ಸೀಮಿತವಾಗಿದ್ದು ಉಳಿದದ್ದು ಕತ್ತರಿಸಿಹೋಗಿದ್ದರೆ, ಪಾಸ್‌ವರ್ಡನ್ನು ಎಷ್ಟು ಸಲ ಬದಲಿಸಿದರೂ ಫಲವಿಲ್ಲ. ಮೇಲ್ ಬರುತ್ತದೆ, ಕಳುಹಿಸಲು ಮಾತ್ರ ಆಗುತ್ತಿಲ್ಲ ಎಂದಾದರೆ ಪೋಸ್ಟ್‌ಫಿಕ್ಸ್ ಡವ್‌ಕಾಟನ್ನು ತಲುಪುವ ಸಾಕೆಟ್ ಕಡತದ ಅನುಮತಿ, 587 ಅಥವಾ 465ನೇ ಪೋರ್ಟಿನ ಟಿಎಲ್‌ಎಸ್ ಹೊಂದಿಕೆ ಪರಿಶೀಲಿಸಬೇಕು.

ಕನ್ನಡ ಲಿಪಿಯ ವಿಳಾಸಗಳಿಗೆ 2012ರ ಮಾನಕಗಳು ದಾರಿ ತೆರೆದಿವೆ. ಆದರೆ ಡವ್‌ಕಾಟ್ 2.3 ಸರಣಿಯ ಮೂಲ ಹೊಂದಿಕೆ ಬಳಕೆದಾರರ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳನ್ನಷ್ಟೇ ಒಪ್ಪುತ್ತದೆ. ಆ ಪಟ್ಟಿಯನ್ನು ಸಡಿಲಿಸಬೇಕು. ‘ಕೊ’ದಲ್ಲಿರುವ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಸರ್ವರಿಗೆ ಬೇರೆ. ಖಾತೆ ತೆರೆಯುವಾಗಲೂ ಲಾಗಿನ್ ಆಗುವಾಗಲೂ ಹೆಸರನ್ನು ಒಂದೇ ರೂಪಕ್ಕೆ ತರುವುದೇ ಇದಕ್ಕೆ ಪರಿಹಾರ.

ಕಚೇರಿಯವರೆಲ್ಲರಿಗೂ ಒಮ್ಮೆಲೇ ಸಂಪರ್ಕ ತಪ್ಪಿದರೆ ಫೇಲ್‌ಟುಬ್ಯಾನ್‌ನಂಥ ಕಾವಲು ತಂತ್ರಾಂಶವನ್ನು ಶಂಕಿಸಬೇಕು. ಒಂದೇ ಬ್ರಾಡ್‌ಬ್ಯಾಂಡ್ ಸಂಪರ್ಕದ ಕಚೇರಿಯಲ್ಲಿ ಯಾರದೋ ಫೋನು ಹಳೆಯ ಪಾಸ್‌ವರ್ಡನ್ನೇ ಮತ್ತೆಮತ್ತೆ ಕಳುಹಿಸುತ್ತಿದ್ದರೆ ಇಡೀ ಕಚೇರಿಯ ಐಪಿ ವಿಳಾಸಕ್ಕೆ ತಡೆ ಬೀಳುತ್ತದೆ. ಮೊದಲು ಆ ಫೋನನ್ನು ಸರಿಪಡಿಸಿ, ಬಳಿಕ ತಡೆ ತೆಗೆಯಬೇಕು.