ಹುಣಸೂರು ಸೀಮೆಯ ಮಾಂಸದನ್ನ

ಅರಸರ ಯುದ್ಧಗಳನ್ನೂ ದಾನಗಳನ್ನೂ ಶಾಸನಗಳು ಹೇಳುತ್ತವೆ. ಅವರ ಪ್ರಜೆಗಳು ರಾತ್ರಿಗೆ ಏನನ್ನುಂಡರೆಂಬುದನ್ನು ಅವು ಹೇಳುವುದು ಅಪೂರ್ವ. ಆದುದರಿಂದ ಊಟದ ಚರಿತ್ರೆಯನ್ನು ಅರಸುವವರು ಪಾಕಗ್ರಂಥಗಳನ್ನೇ ಆಶ್ರಯಿಸಬೇಕಾಗುತ್ತದೆ. ಈ ವಿಷಯದಲ್ಲಿ ಹುಣಸೂರು ಸೀಮೆಯು ಭಾಗ್ಯಶಾಲಿಯೆನ್ನಬಹುದು. ಕನ್ನಡದಲ್ಲಿ ಸೂಪಶಾಸ್ತ್ರವನ್ನು ರಚಿಸಿದ ಮೂರನೆಯ ಮಂಗರಸನು ಕಲ್ಲಹಳ್ಳಿಯ ಪ್ರಭು. ಚಂಗಾಳ್ವರ ಸಚಿವಕುಲದಲ್ಲಿ ಹುಟ್ಟಿದವನು. ಅವನ ಕಾಲವು ಸುಮಾರು ಕ್ರಿ.ಶ. ೧೫೦೮. ವಾರ್ಧಕ ಷಟ್ಪದಿಯಲ್ಲಿರುವ ಆ ಗ್ರಂಥದಲ್ಲಿ ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನದ ಬಗೆಗಳು, ಬದನೆ, ಹಲಸು, ಬಾಳೆ, ಕಳಲೆಗಳ ಪಾಕಗಳು ನಿರೂಪಿತವಾಗಿವೆ. ಆದರೆ ಮಂಗರಸನು ಜೈನನು. ಅವನ ಗ್ರಂಥದಲ್ಲಿ ಮಾಂಸಕ್ಕೆ ಎಡೆಯಿಲ್ಲ.

ಹೀಗಾಗಿ ಒಂದು ವಿಚಿತ್ರವು ಒದಗಿತು. ಪಾಕಶಾಸ್ತ್ರವು ಹುಟ್ಟಿದ ಈ ನೆಲದಲ್ಲಿಯೇ ಬಹುಸಂಖ್ಯೆಯ ಒಕ್ಕಲುಮನೆಗಳು ಹಬ್ಬಕ್ಕೆ ಮಾಡುತ್ತ ಬಂದ ಅಡುಗೆಯು ಅಕ್ಷರಕ್ಕೆ ಏರಲಿಲ್ಲ. ಒಂದೇ ಪಾತ್ರೆಯಲ್ಲಿ ಅಕ್ಕಿಯನ್ನೂ ಮಾಂಸವನ್ನೂ ಕೂಡಿಸಿ ಬೇಯಿಸಿದ, ಇಂದು ಪಲಾವೆಂದು ಕರೆಯುವ ಅನ್ನವೇ ಅದು.

ಪಲಾವೆಂಬ ಶಬ್ದವು ಪಾರಸಿಯಿಂದ ಬಂದುದರಲ್ಲಿ ಸಂದೇಹವಿಲ್ಲ. ಹದಿನಾರನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲನು ಬರೆದ ಐನೆ ಅಕ್ಬರಿಯು ಅಡುಗೆಗಳನ್ನು ಮಾಂಸವಿಲ್ಲದವು, ಮಾಂಸವೂ ಅಕ್ಕಿ ಮೊದಲಾದ ಧಾನ್ಯಗಳೂ ಕೂಡಿದವು, ಮಾಂಸವನ್ನು ಸಂಬಾರದೊಡನೆ ಬೇಯಿಸಿದವು ಎಂದು ಮೂರು ವರ್ಗ ಮಾಡುತ್ತದೆ. ಎರಡನೆಯ ವರ್ಗದಲ್ಲಿ ಪಲಾವು ಸೇರಿದೆ. ಮೈಸೂರು ಸೀಮೆಯಲ್ಲಿ ೧೭೬೧ರಿಂದ ೧೭೯೯ರವರೆಗೆ ಹೈದರ್ ಟಿಪ್ಪುಗಳ ಆಳ್ವಿಕೆ ನಡೆದು, ಪಾರಸಿ ಮಾತುಗಳು ಕಚೇರಿಗಳಲ್ಲಿ ಬಳಕೆಯಾದುವು.

ಆದರೆ ಹೆಸರು ಬಂದ ದಾರಿಯಲ್ಲಿಯೇ ಪದಾರ್ಥವೂ ಬಂದಿತೆಂದು ನಿರ್ಣಯಿಸುವುದು ಸಾಧುವಲ್ಲ. ಬೃಹದಾರಣ್ಯಕೋಪನಿಷತ್ತಿನಲ್ಲಿ ತುಪ್ಪದೊಡನೆ ಉಣ್ಣುವ ಮಾಂಸೌದನದ ಪ್ರಸ್ತಾಪವಿದೆ. ಪ್ರಾಚೀನ ತಮಿಳು ಕಾವ್ಯಗಳು ಊನ್ ಸೋಱು, ಎಂದರೆ ಮಾಂಸದನ್ನವನ್ನು ಬಲ್ಲವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು (ಸುಮಾರು ೧೧೨೯) ಅನ್ನಭೋಗವೆಂಬ ಪ್ರಕರಣದಲ್ಲಿ ಅಕ್ಕಿಯ ಬಗೆಗಳನ್ನೂ ಮಾಂಸದ ಪಾಕಗಳನ್ನೂ ವಿವರಿಸುತ್ತದೆ. ಆದರೆ ಅದು ಸಂಸ್ಕೃತದಲ್ಲಿದೆ. ಅರಮನೆಯ ಪಂಕ್ತಿಗೆ ಸಲ್ಲುತ್ತದೆ. ವ್ರತಿಯ ಅಡುಗೆಯೂ ಅರಸನ ಅಡುಗೆಯೂ ಹೀಗೆ ಗ್ರಂಥಸ್ಥವಾದುವು, ರೈತನದು ಆಗಲಿಲ್ಲ.

ಈ ಅಡುಗೆಯ ಮರ್ಮವನ್ನು ತಿಳಿಯಲು ನೆಲದ ಗುಣವನ್ನು ನೋಡಬೇಕು. ಹಿಂದೆ ಎಡತೊರೆಯೆಂದಿದ್ದು, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಪಡೆದ ಕೃಷ್ಣರಾಜನಗರದ ಸುತ್ತ ಕಾವೇರಿಯ ಕಾಲುವೆಗಳ ಕೆಳಗೆ ಭತ್ತ ಬೆಳೆಯುತ್ತದೆ. ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ಹನಗೋಡು ಅಣೆಕಟ್ಟಿನ ನೀರಿದೆ. ಉಳಿದ ಬಯಲಿನಲ್ಲಿಯೂ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಎತ್ತರದ ಭೂಮಿಯಲ್ಲಿಯೂ ಮಳೆಯನ್ನು ನಂಬಿದ ರಾಗಿಯೇ ಹೊಟ್ಟೆಯನ್ನು ಹೊರೆದ ಧಾನ್ಯ. ಅಲ್ಲಿ ಮುದ್ದೆಯು ನಿತ್ಯದ ಊಟ. ಅನ್ನವು ಹಬ್ಬಕ್ಕೆ, ನೆಂಟರಿಗೆ, ಕಾಯಿಲೆಯವರಿಗೆ. ಮಾಂಸವಾದರೋ ಅದಕ್ಕಿಂತಲೂ ವಿರಳ. ಯುಗಾದಿಯ ಮರುದಿನದ ಹೊಸತೊಡಕು, ಪಿತೃಪಕ್ಷದ ಎಡೆ, ಮಾರಿಹಬ್ಬ — ಇಂತಹ ದಿನಗಳಲ್ಲಿಯೇ ಬಾಡು ಒಲೆಗೆ ಬರುತ್ತಿದ್ದಿತು.

ಹೊಸತೊಡಕಿನಲ್ಲಿ ಹಲವು ಮನೆಯವರು ಕೂಡಿ ಮರಿಯನ್ನು ಕೊಯ್ದು ಮಾಂಸವನ್ನು ಸಮನಾದ ಗುಡ್ಡೆಗಳಾಗಿ ಹಂಚಿಕೊಳ್ಳುವ ರೂಢಿಯುಂಟು. ಇದಕ್ಕೆ ಗುಡ್ಡೆಬಾಡು ಎಂದು ಹೆಸರು. ಪ್ರತಿಯೊಂದು ಗುಡ್ಡೆಗೂ ಮೆತ್ತನೆಯ ತುಂಡೂ ಮೂಳೆಯೂ ಕೊಬ್ಬೂ ಬೀಳಬೇಕು. ಊರಿನ ನಡುವೆ ಈ ನ್ಯಾಯವು ಮುಗಿದ ಮೇಲೆ ಮನೆಯೊಳಗಿನ ನ್ಯಾಯವು ಆರಂಭವಾಗುತ್ತದೆ. ಒಂದು ಗುಡ್ಡೆ, ಉಣ್ಣುವವರು ಎಂಟು ಹತ್ತು ಮಂದಿ. ತುಂಡುಗಳನ್ನು ಎಣಿಸಿ ಬಡಿಸಿದರೆ ಕೊನೆಗೆ ಉಣ್ಣುವವಳಿಗೆ, ಎಂದರೆ ಅಡುಗೆ ಮಾಡಿದವಳಿಗೆ, ಉಳಿಯುವುದು ಬರಿಯ ತಪ್ಪಲೆ. ಒಂದೇ ಪಾತ್ರೆಯ ಅನ್ನವು ಇದಕ್ಕೆ ಪರಿಹಾರ. ಮೂಳೆಯ ಸಾರವೂ ಕೊಬ್ಬೂ ಅಗುಳಗುಳಿಗೂ ಸೇರುವುದರಿಂದ, ತುಂಡು ಸಿಕ್ಕದವರ ಎಲೆಗೂ ಮಾಂಸದ ರುಚಿಯು ತಲಪುತ್ತದೆ.

ಅದರ ಕ್ರಮವು ಸರಳ. ಅಗಲಬಾಯಿಯ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಚಕ್ಕೆ ಲವಂಗ ಈರುಳ್ಳಿಗಳನ್ನು ಬಾಡಿಸಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿಗಳನ್ನು ಅರೆದು ಹಾಕುತ್ತಾರೆ. ಅಕ್ಕಿಗಿಂತ ಮಾಂಸವು ನಿಧಾನವಾಗಿ ಬೇಯುವುದರಿಂದ ಅರಿಸಿನ ಉಪ್ಪುಗಳೊಡನೆ ಮೊದಲು ಅದನ್ನೇ ಬೇಯಿಸಬೇಕು. ಮುಕ್ಕಾಲು ಬೆಂದ ಮೇಲೆ ತೊಳೆದು ನೆನೆಸಿದ ಅಕ್ಕಿಯನ್ನು ಸುರಿಯಬೇಕು. ಒಂದು ಸೇರು ಹಳೆಯ ಅಕ್ಕಿಗೆ, ಮಾಂಸ ಬೆಂದ ನೀರೂ ಸೇರಿ, ಸುಮಾರು ಎರಡು ಸೇರು ನೀರು. ಹೊಸ ಅಕ್ಕಿಗೆ ಅದಕ್ಕಿಂತ ಕಡಮೆ. ನೀರಿಂಗುವಾಗ ಉರಿಯನ್ನು ತೆಗೆದು, ಮುಚ್ಚಳದ ಮೇಲೆ ಕೆಂಡವನ್ನಿಟ್ಟು ಬಿಟ್ಟರೆ ಅನ್ನವು ಉದುರುದುರಾಗುತ್ತದೆ. ಇದರಲ್ಲಿನ ಹಸಿಮೆಣಸಿನಕಾಯಿಯು ಅಮೆರಿಕದಿಂದ ಪೋರ್ಚುಗೀಸರ ಮೂಲಕ ಬಂದುದು. ಮಂಗರಸನು ಅದನ್ನು ಕಂಡಿರಲಾರನು. ಅದಕ್ಕೆ ಮೊದಲು ನಾಲಗೆಗೆ ಖಾರವನ್ನು ಕೊಟ್ಟುದು ಕರಿಮೆಣಸು. ಹೆಸರು ಬದಲಾಯಿತು, ಸಂಬಾರ ಬದಲಾಯಿತು. ಬದಲಾಗದೆ ಉಳಿದುದು ಕೊಂಚ ಮಾಂಸವನ್ನು ಇಡೀ ಕುಟುಂಬಕ್ಕೆ ಸಾಲಿಸುವ ಉಪಾಯವೊಂದೇ.

ಈಗ ಅಕ್ಕಿಯು ವಿರಳವಲ್ಲ. ಪಡಿತರದ ಅಕ್ಕಿಯೂ, ೨೦೧೩ರಲ್ಲಿ ಆರಂಭವಾದ ಅನ್ನಭಾಗ್ಯವೂ ಅನ್ನವನ್ನು ನಿತ್ಯದ ಊಟವನ್ನಾಗಿ ಮಾಡಿವೆ. ಹುಣಸೂರು ಪಿರಿಯಾಪಟ್ಟಣಗಳ ಹೊಲಗಳಲ್ಲಿ ಹೊಗೆಸೊಪ್ಪು ಹಣವನ್ನು ತರುತ್ತಿದೆ. ಹಬ್ಬದ ಅಡುಗೆಯು ಭಾನುವಾರದ ಅಡುಗೆಯಾಗಿದೆ. ಕೆಂಡದ ಕೆಲಸವನ್ನು ಕುಕ್ಕರಿನ ಸೀಟಿಯು ಮಾಡುತ್ತಿದೆ. ಇದರಲ್ಲಿ ಶೋಕಿಸತಕ್ಕುದೇನೂ ಇಲ್ಲ. ಹಸಿವು ಕಡಮೆಯಾದುದು ಯಾವ ರುಚಿಗಿಂತಲೂ ದೊಡ್ಡದು. ಆದರೆ ಕೊರತೆಯ ಕಾಲದಲ್ಲಿ ಎಲ್ಲರ ಎಲೆಯನ್ನೂ ಸಮನಾಗಿ ತುಂಬಿಸಿದವರ ಅಳತೆಗಳು ಅವರ ಕೈಯಲ್ಲಿಯೇ ಇವೆ, ಕಾಗದದಲ್ಲಿಲ್ಲ. ಮಂಗರಸನು ತನ್ನ ಮನೆಯ ಪಾಕವನ್ನು ಷಟ್ಪದಿಯಲ್ಲಿ ನಿಲ್ಲಿಸಿದನು. ಅವನ ಕಲ್ಲಹಳ್ಳಿಯ ಸುತ್ತಣ ಒಕ್ಕಲುಮನೆಗಳ ಅಜ್ಜಿಯರಿಂದ ಕೇಳಿ, ಊರೂರಿನ ಕ್ರಮವನ್ನು ಸರಳವಾದ ಗದ್ಯದಲ್ಲಿಯಾದರೂ ಬರೆದಿಡುವುದು ಈ ನಾಲ್ಕು ತಾಲ್ಲೂಕುಗಳ ವಿದ್ಯಾವಂತರ ಮೇಲಿರುವ ಋಣವಾಗಿದೆ.