ವಿಜ್ಞಾನಿಯ ಸಂಗೀತ ಸಾಧನೆ: ಡಾ. ರಾಜಾ ರಾಮಣ್ಣ

ನಮ್ಮ ಧರ್ಮಕೇಂದ್ರದ ಗಾನವೃಂದವು ಪ್ರತಿವರ್ಷವೂ ಜೂನ್ ತಿಂಗಳಲ್ಲಿ ಕ್ಷೀಣಿಸುವುದನ್ನು ವಾಚಕರು ಬಲ್ಲರು. ಎಸ್.ಎಸ್.ಎಲ್.ಸಿ. ಮುಗಿಸಿ ವಿಜ್ಞಾನ ವಿಭಾಗ ಸೇರಿದ ಮಕ್ಕಳನ್ನು ಹೆತ್ತವರು, "ಹಾಡಿದ್ದು ಸಾಕು, ಇನ್ನು ಓದು" ಎಂದು ಬಿಡಿಸಿಬಿಡುತ್ತಾರೆ. ಅವರನ್ನು ದೂಷಿಸಲಾರೆವು. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದ ಮೇಲೆ ಈ ಊರಿನ ಮನೆಗಳಿಗೆ ಮಕ್ಕಳ ಓದೇ ಆಧಾರ. ಹಿಂದೊಮ್ಮೆ, ಪಿಟೀಲನ್ನು ಸೊಗಸಾಗಿ ನುಡಿಸುತ್ತಿದ್ದ ಹುಡುಗನೊಬ್ಬನಿಗೆ, "ಪರೀಕ್ಷೆ ಮುಗಿಯುವ ತನಕ ವಾದ್ಯವನ್ನು ಕಟ್ಟಿಡು" ಎಂದು ನಾವೇ ಬುದ್ಧಿ ಹೇಳಿದ್ದುಂಟು. ಆತ ಇಂಜಿನಿಯರನಾದನು, ಪಿಟೀಲಿನ ಪೆಟ್ಟಿಗೆಯನ್ನು ಮತ್ತೆ ತೆರೆಯಲಿಲ್ಲ. ಆ ಅಳುಕೇ ಇಂದು ನಮ್ಮಿಂದ ಈ ಚರಿತ್ರೆಯನ್ನು ಬರೆಸುತ್ತಿದೆ.

ರಾಮಣ್ಣನವರು 1925ರ ಜನವರಿ 28ರಂದು ತುಮಕೂರು ಜಿಲ್ಲೆಯಲ್ಲಿ ಜನಿಸಿದರು. ತಂದೆ ಮೈಸೂರು ಸಂಸ್ಥಾನದ ನ್ಯಾಯಾಂಗ ಸೇವೆಯಲ್ಲಿದ್ದವರು. ಪಿಯಾನೊ ಅವರಿಗೆ ಬಾಲ್ಯದಿಂದಲೇ ಒಲಿದಿತ್ತು. ಬೆಂಗಳೂರಿನಲ್ಲಿ ಬಿಷಪ್ ಕಾಟನ್ ಶಾಲೆಯಲ್ಲಿಯೂ, ಆಗ ಯೇಸುಸಭೆಯ ಗುರುಗಳ ಆಡಳಿತದಲ್ಲಿದ್ದ ಸಂತ ಜೋಸೆಫರ ಕಾಲೇಜಿನಲ್ಲಿಯೂ ಓದಿ, ಮದ್ರಾಸಿನಲ್ಲಿ ಭೌತಶಾಸ್ತ್ರದ ಪದವಿ ಪಡೆದರು.

ಮುಂದಿನ ಸಂಗತಿಯನ್ನು ಹೆತ್ತವರು ನಿಧಾನವಾಗಿ ಓದಬೇಕು. 1944ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಪರೀಕ್ಷಕರಾಗಿ ಆಲ್ಫ್ರೆಡ್ ಮಿಸ್ಟೋವ್‌ಸ್ಕಿ ಎಂಬವರು ಮೈಸೂರು ಸೀಮೆಗೆ ಬಂದಿದ್ದರು. ರಾಮಣ್ಣನವರಿಗೆ ಹೋಮಿ ಭಾಭಾ ಅವರ ಪರಿಚಯವಾದದ್ದು ಈ ಸಂಗೀತಜ್ಞರ ಮೂಲಕ! ಭಾಭಾ ಅವರಿಗೂ ಸಂಗೀತ, ಚಿತ್ರಕಲೆಗಳೆಂದರೆ ಪ್ರಾಣ. ರಾಮಣ್ಣನವರು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆಯುವಾಗಲೂ ಸಂಗೀತ ಕಚೇರಿಗಳನ್ನು ತಪ್ಪಿಸಲಿಲ್ಲ; ಮರಳಿ, 1949ರಲ್ಲಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಕೀಲಿಮಣೆಯು ಅವರನ್ನು ಪ್ರಯೋಗಶಾಲೆಯಿಂದ ದೂರ ಸೆಳೆಯಲಿಲ್ಲ, ಅದರ ಬಾಗಿಲಿಗೇ ತಂದು ನಿಲ್ಲಿಸಿತು.

ಆ ಸಂಸ್ಥೆ ನಮ್ಮವರಿಗೆ ಅಪರಿಚಿತವಲ್ಲ. 1951ರಿಂದ ಬಿ. ವಿ. ಶ್ರೀಕಂಠನ್ ಮೊದಲಾದವರು ವಿಶ್ವಕಿರಣಗಳನ್ನು ಅಳೆಯಲು ನಮ್ಮ ಗಣಿಗಳಿಗೆ ಇಳಿದರು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಸುಮಾರು 2,300 ಮೀಟರ್ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು. ರಾಮಣ್ಣನವರ ಕ್ಷೇತ್ರ ಬೇರೆ. ಅವರು ಟ್ರಾಂಬೆಯ ಪರಮಾಣು ಕೇಂದ್ರದ ನಿರ್ದೇಶಕರಾಗಿ, 1974ರ ಮೇ 18ರ ಪೋಖ್ರಾನ್ ಸ್ಫೋಟಕ್ಕೆ ನೇತೃತ್ವ ವಹಿಸಿದವರು. ಗುರುವಾದ ನಮಗೆ ಆ ಕಾರ್ಯದ ಬಗ್ಗೆ ಪ್ರಶ್ನೆಗಳಿವೆ. ಸಂಗೀತದ ನೆಪದಲ್ಲಿ ಅವನ್ನು ಮರೆಮಾಚುವವರಲ್ಲ.

ಇಷ್ಟೆಲ್ಲ ಹೊಣೆಗಳ ನಡುವೆಯೂ ಅವರು ಪಿಯಾನೊ ಬಿಡಲಿಲ್ಲ, ಸಾರ್ವಜನಿಕ ಕಚೇರಿಗಳಲ್ಲಿಯೂ ನುಡಿಸಿದರು. ರಾಗಪದ್ಧತಿ, ಪಾಶ್ಚಾತ್ಯ ಪದ್ಧತಿಗಳ ರಚನೆಯನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1993ರಲ್ಲಿ ಪ್ರಕಟವಾಯಿತು. ವಿಷಯ ನಮ್ಮ ದೇವಾಲಯದ ಹಾರ್ಮೋನಿಯಂಗೂ ಸಂಬಂಧಿಸಿದ್ದೇ. ಶುದ್ಧ ಪಂಚಮದ ಕಂಪನವು ಷಡ್ಜದ ಕಂಪನಕ್ಕೆ ಸರಿಯಾಗಿ ಒಂದೂವರೆ ಪಟ್ಟು. ಆದರೆ ಪಿಯಾನೊದಲ್ಲಿ, ಹಾಗೆಯೇ ಸಾಮಾನ್ಯ ಹಾರ್ಮೋನಿಯಂನಲ್ಲಿ, ಸ್ಥಾಯಿಯನ್ನು 12 ಸಮಭಾಗ ಮಾಡಿರುವುದರಿಂದ ಅದು 1.498 ಪಟ್ಟಾಗುತ್ತದೆ. ವ್ಯತ್ಯಾಸ ಕೂದಲೆಳೆಯಷ್ಟು, ಗಾಂಧಾರದಲ್ಲಿ ಇನ್ನೂ ಹೆಚ್ಚು. ತಂಬೂರಿಯ ಪಕ್ಕದಲ್ಲಿ ಹಾರ್ಮೋನಿಯಂ ನುಡಿಸಿದರೆ ಸೂಕ್ಷ್ಮ ಕಿವಿ ಮುಖ ಸಿಂಡರಿಸುವುದು ಇದಕ್ಕೇ. ಇದು ಗಣಿತವೇ, ಗಾನವೇ? ನಮ್ಮ ವಿಜ್ಞಾನ ವಿದ್ಯಾರ್ಥಿಗಳು ಹೇಳಲಿ.

ರಾಮಣ್ಣನವರು 2004ರ ಸೆಪ್ಟೆಂಬರ್ 24ರಂದು ಮುಂಬಯಿಯಲ್ಲಿ ನಿಧನರಾದರು.

ನಮ್ಮ ಹಳೆಯ ಶಿಷ್ಯನಿಗೆ ಈ ಸಂಚಿಕೆಯ ಪ್ರತಿಯೊಂದನ್ನು ಕಳುಹಿಸುತ್ತಿದ್ದೇವೆ. ಗಾನವೃಂದದ ಅಭ್ಯಾಸವನ್ನು ಈ ವರ್ಷದಿಂದ ಶನಿವಾರ ಸಂಜೆ ಏಳು ಗಂಟೆಗೆ ಇರಿಸಿಕೊಂಡಿದ್ದೇವೆ. ಮಕ್ಕಳ ಟ್ಯೂಷನ್ ಆರೂವರೆಗೇ ಮುಗಿಯುತ್ತದೆಂದು ವಿಚಾರಿಸಿ ತಿಳಿದುಕೊಂಡಿದ್ದೇವೆ.