ಮೀಟರ್ ಜಗಳಕ್ಕೆ ನೂರನಲವತ್ತು ವರ್ಷ

ಈ ತಿಂಗಳು ಮೂರ್ನಾಲ್ಕು ಜನ ಕರೆಂಟ್ ಬಿಲ್ಲಿನ ಫೋಟೊ ಕಳಿಸಿ ಒಂದೇ ಪ್ರಶ್ನೆ ಕೇಳಿದ್ದೀರಿ. ಚಕ್ರದ ಮೀಟರ್ ಇದ್ದಾಗ ಇಷ್ಟು ಬರ್ತಿರಲಿಲ್ಲ, ಹೊಸಾದು ಹಾಕಿದ ಮೇಲೆ ಯಾಕೆ ಏರ್ತು? ಒಬ್ಬೊಬ್ಬರಿಗೆ ಉತ್ತರ ಬರೆಯೋ ಬದಲು ಬುಡದಿಂದ ಬರೀತೀನಿ. ರಾಗಿ ಕಣ ಮುಗಿದಿದೆ, ಓದೋಕೆ ನಿಮಗೂ ಪುರುಸೊತ್ತಿದೆ ಅಂದ್ಕೊಂಡಿದ್ದೀನಿ.

1882ರಲ್ಲಿ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಲ್ಲಿ ಪವರ್ ಹೌಸ್ ಶುರು ಮಾಡಿದ. ಮನೆಗಳಿಗೆ ಅವನು ಕೊಟ್ಟ ಮೀಟರಿನಲ್ಲಿ ಮುಳ್ಳೂ ಇಲ್ಲ, ಅಂಕಿಯೂ ಇಲ್ಲ. ಗಾಜಿನ ಜಾಡಿಯಲ್ಲಿ ಸತುವಿನ ದ್ರಾವಣ, ಅದರೊಳಗೆ ಸತುವಿನ ತಗಡು. ಕರೆಂಟು ಹರಿದಷ್ಟೂ ಒಂದು ತಗಡಿನ ಸತು ಕರಗಿ ಇನ್ನೊಂದಕ್ಕೆ ಹೋಗಿ ಕೂರುತ್ತೆ. ತಿಂಗಳಿಗೊಮ್ಮೆ ಕಂಪನಿಯವನು ಬಂದು ತಗಡು ಬಿಚ್ಚಿಕೊಂಡು ಹೋಗಿ ತಕ್ಕಡಿಯಲ್ಲಿ ತೂಗಿ ಬಿಲ್ಲು ಬರೀತಿದ್ದ. ಚಳಿಗೆ ದ್ರಾವಣ ಹೆಪ್ಪುಗಟ್ಟದಿರಲಿ ಅಂತ ಪೆಟ್ಟಿಗೆಯೊಳಗೇ ಒಂದು ಬಲ್ಬು ಇಡ್ತಿದ್ರಂತೆ. ಯೋಚನೆ ಮಾಡಿ, ತಕ್ಕಡಿ ಅವರದ್ದು, ತೂಕದವನೂ ಅವರವನೇ, ದುಡ್ಡು ಕೊಡೋನಿಗೆ ನೋಡೋಕೆ ಏನೂ ಇಲ್ಲ. ಮಂಡಿಯಲ್ಲಿ ತೂಕದವನ ಕೈ ನೋಡ್ತಾ ನಿಲ್ಲೋ ನಮಗೆ ಅದು ಬೇಗ ಅರ್ಥ ಆಗುತ್ತೆ.

ಮುಂದೆ ಏಸಿ ಕರೆಂಟು ಬಂತು. ಇಟಲಿಯ ಫೆರಾರಿಸ್ ಅನ್ನೋ ಮೇಷ್ಟ್ರು 1885ರಲ್ಲಿ ತಿರುಗೋ ಕಾಂತಕ್ಷೇತ್ರದ ತತ್ವ ತೋರಿಸಿದ್ರು. 1889ರಲ್ಲಿ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯ ಬ್ಲಾಥಿ ಅದರಿಂದ ಚಕ್ರದ ಮೀಟರ್ ಮಾಡಿದ. ನಮ್ಮ ಜಗಲಿ ಗೋಡೆ ಮೇಲೆ ಕಪ್ಪು ಡಬ್ಬಿಯೊಳಗೆ ಸುತ್ತುತ್ತಿದ್ದ ಅಲ್ಯೂಮಿನಿಯಂ ತಟ್ಟೆ ಅದರದ್ದೇ ಸಂತಾನ. ಓದು ಬಾರದವನೂ ಚಕ್ರ ಜೋರಾಗಿ ಸುತ್ತೋದನ್ನ ನೋಡಿ ಇಸ್ತ್ರಿ ಪೆಟ್ಟಿಗೆ ಆಫ್ ಮಾಡ್ತಿದ್ದ. ಗಿರಾಕಿಯ ಕಣ್ಣೆದುರೇ ಲೆಕ್ಕ ನಡೆಯೋದು ಅಂದ್ರೆ ಅದು.

ನಮ್ಮ ಕಡೆ ಕಥೆ ಶಿವನಸಮುದ್ರದಿಂದ ಶುರು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದ್ರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಗಣಿಯವರಿಗೆ ಮಾರಿದ್ದು ವರ್ಷಕ್ಕೆ ಒಂದು ಹೆಚ್‌ಪಿಗೆ ಇಷ್ಟು ಅನ್ನೋ ಲೆಕ್ಕದಲ್ಲಿ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಇದೇ ಹೆಚ್‌ಪಿ ಲೆಕ್ಕ ನಮ್ಮ ಪಂಪಿನ ಮನೆಗೆ ಬರುತ್ತೆ.

ಬ್ರಿಟಿಷ್ ಇಂಡಿಯಾದಲ್ಲಿ 1910ರ ವಿದ್ಯುತ್ ಕಾಯ್ದೆ ಬಂತು. ಮುಂದೆ ನಮಗೂ ಅದೇ ಆಯ್ತು, 2003ರವರೆಗೂ ನಡೀತು. ಅದರ 26ನೇ ಸೆಕ್ಷನ್‌ನಲ್ಲಿ ಒಂದು ಒಳ್ಳೇ ಮಾತಿತ್ತು. ಮೀಟರ್ ಸರಿ ಇದೆಯೋ ಇಲ್ಲವೋ ಅನ್ನೋ ತಕರಾರು ಬಂದ್ರೆ ತೀರ್ಮಾನ ಮಾಡೋನು ಕರೆಂಟು ಮಾರೋನಲ್ಲ, ಸರ್ಕಾರದ ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರು. ಮೀಟರ್ ತಪ್ಪು ಅಂತ ಕಂಡ್ರೂ ಅವನು ಹಿಂದಕ್ಕೆ ಲೆಕ್ಕ ಹಾಕೋದು ಹೆಚ್ಚಂದ್ರೆ ಆರು ತಿಂಗಳು. 1956ರ ನಿಯಮದಲ್ಲಿ ಮೀಟರಿನ ತಪ್ಪು ಶೇ.3ರೊಳಗೆ ಇರಬೇಕು ಅಂತ ಬರೆದ್ರು, ಆದರೆ ಅದು ಪೂರ್ತಿ ಲೋಡಿನ ಹತ್ತನೇ ಒಂದು ಭಾಗಕ್ಕಿಂತ ಮೇಲೆ ಮಾತ್ರ. 5 ಆಂಪಿಯರ್ ಮೀಟರಿಗೆ ಹತ್ತನೇ ಒಂದು ಭಾಗ ಅಂದ್ರೆ ಸುಮಾರು 115 ವಾಟ್. ಅದಕ್ಕಿಂತ ಕೆಳಗಿನ ಬಳಕೆಗೆ ಈ ಶೇ.3ರ ಕಟ್ಟು ಇರಲಿಲ್ಲ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇಲ್ಲೇ ಇದೆ. ಇಪ್ಪತ್ತು ವರ್ಷ ಧೂಳು ತಿಂದು ಸವೆದ ಚಕ್ರ ಸಣ್ಣ ಬಲ್ಬಿಗೆ ಅಲ್ಲಾಡ್ತಲೇ ಇರಲಿಲ್ಲ. ಹೊಸ ಎಲೆಕ್ಟ್ರಾನಿಕ್ ಮೀಟರಿಗೆ ಸವೆಯೋ ಬೇರಿಂಗ್ ಇಲ್ಲ. ಟಿವಿ ಡಬ್ಬಿ, ಚಾರ್ಜರ್ ಎಲ್ಲಾ ಸೇರಿ ಬರೀ 10 ವಾಟ್ ಹಗಲೂ ರಾತ್ರಿ ಎಳೀತಿದ್ರೂ ತಿಂಗಳಿಗೆ 7 ಯೂನಿಟ್ ಆಗುತ್ತೆ.

ಇನ್ನೊಂದು ಕಾರಣ ನ್ಯೂಟ್ರಲ್. ಈಗಿನ ಬಹಳಷ್ಟು ಸಿಂಗಲ್ ಫೇಸ್ ಮೀಟರ್‌ಗಳು ಫೇಸ್ ತಂತಿ, ನ್ಯೂಟ್ರಲ್ ತಂತಿ ಎರಡರಲ್ಲೂ ಕರೆಂಟು ಅಳೆದು ಯಾವುದು ಜಾಸ್ತಿಯೋ ಅದನ್ನ ಬರ್ಕೊಳ್ತಾವೆ. ಕಳ್ಳತನ ತಡೆಯೋಕೆ ಮಾಡಿದ್ದು. ಅಣ್ಣತಮ್ಮಂದಿರು ಮನೆ ಭಾಗ ಮಾಡ್ಕೊಂಡು ಎರಡು ಮೀಟರ್ ತಗೊಂಡು ಒಳಗಿನ ವೈರಿಂಗ್ ಬೇರೆ ಮಾಡದೇ ಬಿಟ್ಟಿರ್ತಾರಲ್ಲ, ಅಲ್ಲಿ ಅಣ್ಣನ ಮನೆ ಕರೆಂಟು ತಮ್ಮನ ಮೀಟರಿನ ನ್ಯೂಟ್ರಲ್ ಹಿಡಿದು ವಾಪಸ್ ಹೋಗುತ್ತೆ. ಎರಡೂ ಮೀಟರ್ ಓಡ್ತಾವೆ. ಭಾಗದ ಜಗಳಕ್ಕೆ ಇದೂ ಒಂದು ಸೇರ್ಕೊಳ್ಳುತ್ತೆ.

ಭಾಗ್ಯಜ್ಯೋತಿ ಮನೆಗಳ ಕಥೆ ಬೇರೆ, ನನಗೆ ಅದೇ ಹೆಚ್ಚು ಬೇಜಾರಿನದ್ದು. ಬಡವರ ಮನೆಗೆ ಒಂದು ದೀಪ ಅಂತ ಬಂದ ಯೋಜನೆ ಅದು. ಆಮೇಲೆ ತಿಂಗಳಿಗೆ 18 ಯೂನಿಟ್ ಉಚಿತ ಅನ್ನೋ ಮಿತಿ ಇತ್ತು, ಮುಂದೆ 40 ಆಯ್ತು. ಮಿತಿ ದಾಟಿದ್ರೆ, ಇಲ್ಲ ಒಂದಕ್ಕಿಂತ ಜಾಸ್ತಿ ಪಾಯಿಂಟ್ ಕಂಡ್ರೆ ಮಾಮೂಲಿ ಮನೆ ದರ ಅಂತ ಟ್ಯಾರಿಫ್ ಪುಸ್ತಕದಲ್ಲಿ ಬರೆದಿತ್ತು. ಅದನ್ನ ಓದಿದವರು ಯಾರು? ಸರ್ಕಾರ ಕೊಟ್ಟಿದ್ದು, ದುಡ್ಡಿಲ್ಲ ಅಂದ್ಕೊಂಡು ಮಗನ ಓದಿಗೆ ಇನ್ನೊಂದು ಬಲ್ಬು, ಒಂದು ಫ್ಯಾನು ಹಾಕ್ಕೊಂಡ್ರು. ಬಾಕಿ ಮೇಲೆ ಬಾಕಿ, ಅದರ ಮೇಲೆ ಬಡ್ಡಿ ಕಾಗದದಲ್ಲಿ ಬೆಳೀತಾ ಹೋಯ್ತು, ಮನೆಯವರಿಗೆ ಗೊತ್ತಾಗಿದ್ದು ಫ್ಯೂಸ್ ಕೀಳೋಕೆ ಬಂದಾಗ. 2023ರ ಗೃಹಜ್ಯೋತಿ ಇವರನ್ನೂ ಒಳಗೆ ತಗೊಂಡಿತು. ಅದರಲ್ಲೂ ಉಚಿತ ಅಂದ್ರೆ ಎಲ್ಲರಿಗೂ 200 ಯೂನಿಟ್ ಅಲ್ಲ. ಶುರುವಿನಲ್ಲಿ ಹಿಂದಿನ ವರ್ಷದ ನಿಮ್ಮ ಸರಾಸರಿಗೆ ಶೇ.10 ಸೇರಿಸಿ ಅಷ್ಟಕ್ಕೆ ಮಾತ್ರ ಇಟ್ಟರು. ಹಳೇ ಮೀಟರ್ ನಿಧಾನ ಇದ್ದವನ ಸರಾಸರಿಯೂ ಕಮ್ಮಿ, ಹಾಗಾಗಿ ಅವನ ಉಚಿತದ ಪಾಲೂ ಕಮ್ಮಿ.

ಈಗ ಪಂಪ್‌ಸೆಟ್. ಒಂದು ಕಾಲದಲ್ಲಿ ಬೋರಿಗೂ ಮೀಟರ್ ಇತ್ತು. 80ರ ದಶಕದ ಮೊದಲಲ್ಲಿ ಅದು ಹೋಗಿ ಹೆಚ್‌ಪಿಗೆ ಇಷ್ಟು ಅನ್ನೋ ಲೆಕ್ಕ ಬಂತು. ರೈತ ಸಂಘ ಹುಟ್ಟಿ ಬಾಕಿ ಕಟ್ಟಲ್ಲ ಅಂತ ಹಳ್ಳಿಹಳ್ಳಿ ಎದ್ದು ನಿಂತ ಕಾಲವೂ ಅದೇ. 2008ರಿಂದ 10 ಹೆಚ್‌ಪಿವರೆಗೆ ಉಚಿತ. ಮೀಟರ್ ಬೇಡ ಅಂತ ನಾವು ಕೂಗಿದ್ದಕ್ಕೆ ಕಾರಣ ಇತ್ತು, ಬೆಲೆ ಸಿಗದ ಬೆಳೆಗೆ ಬಿಲ್ಲು ಕಟ್ಟೋದು ಹೇಗೆ? ಆದರೆ ನನ್ನ ಅಭಿಪ್ರಾಯ ಹೇಳ್ತೀನಿ, ಬೈಯೋರು ಬೈಯಿರಿ. ಮೀಟರ್ ಹೋದ ದಿನವೇ ನಮ್ಮ ಸಾಕ್ಷಿಯೂ ಹೋಯ್ತು. ರೈತರು ಎಷ್ಟು ಕರೆಂಟು ಬಳಸಿದ್ರು ಅನ್ನೋದು ಅಂದಾಜಿನ ಲೆಕ್ಕ ಆಯ್ತು, ತಂತಿಯಲ್ಲಿ ಸೋರಿದ್ದನ್ನೂ ನಮ್ಮ ಖಾತೆಗೆ ಬರೆಯೋಕೆ ಜಾಗ ಸಿಕ್ತು. ರಾತ್ರಿ ಮೂರು ಗಂಟೆ ಮಾತ್ರ ತ್ರೀಫೇಸ್ ಬಂತು ಅಂತ ವಾದ ಮಾಡೋಕೆ ನಮ್ಮ ಕೈಯಲ್ಲಿ ಒಂದು ಅಂಕಿ ಇಲ್ಲ.

ಈಗ ನಡೀತಿರೋದು 2003ರ ಕಾಯ್ದೆ. ಅದರ 56ನೇ ಸೆಕ್ಷನ್ ಮನೆಯಲ್ಲಿ ಒಬ್ಬರಾದ್ರೂ ತಿಳ್ಕೊಂಡಿರಬೇಕು. ಬಾಕಿಗೆ ಲೈನ್ ಕೀಳೋ ಮುಂಚೆ 15 ದಿನದ ಲಿಖಿತ ನೋಟಿಸ್ ಕೊಡಬೇಕು. ಬಿಲ್ಲಿಗೆ ತಕರಾರು ಇದ್ರೆ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಎರಡರಲ್ಲಿ ಕಮ್ಮಿ ಯಾವುದೋ ಅದನ್ನ 'ತಕರಾರಿನೊಂದಿಗೆ' ಅಂತ ಬರೆದು ಕಟ್ಟಿದ್ರೆ ತೀರ್ಮಾನ ಆಗೋವರೆಗೆ ಲೈನ್ ಕೀಳೋ ಹಾಗಿಲ್ಲ. ಎರಡು ವರ್ಷಕ್ಕಿಂತ ಹಳೇ ಬಾಕಿ, ಬಿಲ್ಲಿನಲ್ಲಿ ಪ್ರತಿ ಸಲ ತೋರಿಸ್ತಾ ಬಂದಿರದಿದ್ರೆ, ಅದಕ್ಕಾಗಿ ಕನೆಕ್ಷನ್ ತೆಗೆಯೋಕೂ ಬರಲ್ಲ. ಅಜ್ಮೇರಿನ ಕರೆಂಟ್ ಕಂಪನಿಯ ಕೇಸಿನಲ್ಲಿ 2020ರಲ್ಲಿ ಸುಪ್ರೀಂ ಕೋರ್ಟು ಇದನ್ನ ಬಿಡಿಸಿ ಹೇಳ್ತು. ಬಿಟ್ಟುಹೋದ ಬಾಕಿಗೆ ಆಮೇಲೆ ಬಿಲ್ಲು ಕೊಡಬಹುದು, ವಸೂಲಿಗೆ ಬೇರೆ ದಾರಿ ಹಿಡೀಬಹುದು, ಆದರೆ ಲೈನ್ ಕೀಳೋ ಅಸ್ತ್ರ ಇಲ್ಲ ಅಂತ. ಸೆಕ್ಷನ್ ಆಫೀಸಿನಲ್ಲಿ ಆಗದಿದ್ರೆ ಕಂಪನಿಯ ಗ್ರಾಹಕರ ಕುಂದುಕೊರತೆ ವೇದಿಕೆ, ಅದರ ಮೇಲೆ ಒಂಬುಡ್ಸ್‌ಮನ್, ಇವೂ ಆ ಕಾಯ್ದೆಯ 42ನೇ ಸೆಕ್ಷನ್ ಕೊಟ್ಟಿದ್ದೇ. ಬಾಯಿಮಾತಿನ ದೂರು ಲೆಕ್ಕಕ್ಕಿಲ್ಲ. ಆರ್‌ಆರ್ ನಂಬರ್, ಮೀಟರ್ ಸೀರಿಯಲ್ ನಂಬರ್ ಬರೆದು ಅರ್ಜಿ ಕೊಟ್ಟು ಇನ್ನೊಂದು ಪ್ರತಿಗೆ ಸೀಲ್ ಹಾಕಿಸ್ಕೊಳ್ಳಿ.

ಅರ್ಜಿಗೆ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮೀಟರ್ ಆದ್ಮೇಲಿನ ಮೇನ್ ಸ್ವಿಚ್ ಆಫ್ ಮಾಡಿ ಕಾಲು ಗಂಟೆ ನೋಡಿ, ಕೆಂಪು ದೀಪ ಮಿನುಗಬಾರದು. ಆಮೇಲೆ ಮೇನ್ ಆನ್ ಮಾಡಿ, ಬೇರೆಲ್ಲ ಬಂದ್ ಇಟ್ಟು ಹಳೇ ನಮೂನೆಯ 100 ವಾಟ್ ಬಲ್ಬು ಒಂದೇ ಹಾಕಿ 10 ನಿಮಿಷ ಮಿನುಗು ಎಣಿಸಿ. ಮೀಟರ್ ಮೇಲೆ ಯೂನಿಟ್ಟಿಗೆ 3200 ಇಂಪಲ್ಸ್ ಅಂತ ಬರೆದಿದ್ರೆ 53 ಆಸುಪಾಸು ಬರಬೇಕು. ಸಂಜೆ ಹೊತ್ತು ವೋಲ್ಟೇಜ್ 200ಕ್ಕೆ ಇಳಿದಿದ್ರೆ ಅದೇ ಬಲ್ಬು 80 ವಾಟ್ ಎಳೆಯೋದು, ಎಣಿಕೆ 43ರ ಹತ್ರ ಇರುತ್ತೆ. 53ರ ಜಾಗದಲ್ಲಿ 70, 80 ಬಂದ್ರೆ ವಿಡಿಯೊ ಮಾಡಿ ಇಟ್ಕೊಂಡು ಮೀಟರ್ ಟೆಸ್ಟಿಗೆ ಅರ್ಜಿ ಹಾಕಿ.